ಬೇಸ್‌ಬಾಲ್‌ನಲ್ಲಿ ಆಟಗಾರ ಬಿಟ್ಟುಹೋದರೆ ಹಳೆಯ ತಂಡಕ್ಕೆ ಪರಿಹಾರ ಯಾಕೆ? ರೂಲ್ 5 ಡ್ರಾಫ್ಟ್ ಅಂದರೆ ಏನು?

ನೀವು ಎರಡು ಪ್ರಶ್ನೆ ಒಟ್ಟಿಗೆ ಕೇಳಿದ್ದೀರಿ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಕರಾರು ಮುಗಿದ ಆಟಗಾರ ಬೇರೆ ತಂಡ ಸೇರಿದರೆ ಹಳೆಯ ತಂಡಕ್ಕೆ ಪರಿಹಾರ ಅಂತ ಡ್ರಾಫ್ಟ್ ಪಿಕ್ (ಹೊಸ ಹುಡುಗರನ್ನು ಆರಿಸುವ ಒಂದು ಸರದಿ) ಯಾಕೆ ಸಿಗುತ್ತದೆ? ಡಿಸೆಂಬರ್‌ನಲ್ಲಿ ಮೈನರ್ ಲೀಗ್ (ಮೇಜರ್ ಲೀಗ್‌ಗಿಂತ ಕೆಳಗಿನ ಹಂತ) ಹುಡುಗರನ್ನು ಆರಿಸುವ ರೂಲ್ 5 ಡ್ರಾಫ್ಟ್ ಕೂಡ ಇದೇ ಲೆಕ್ಕವಾ? ಅಲ್ಲ. ಮೊದಲನೆಯದರಿಂದ ಅನುಕೂಲ ಮಾಲೀಕರಿಗೆ. ಎರಡನೆಯದರಿಂದ, ಸ್ವಲ್ಪ ಮಟ್ಟಿಗಾದರೂ, ಆಟಗಾರನಿಗೆ. ಇದೊಂದು ನೆನಪಿಟ್ಟುಕೊಂಡರೆ ನಿಯಮಗಳ ಗೋಜಲು ಬಿಡಿಸುವುದು ಸುಲಭ.

ನಮಗೆ ಇದು ವಿಚಿತ್ರ ಅನಿಸುವುದಕ್ಕೆ ಐಪಿಎಲ್ ಕಾರಣ. ನಮ್ಮ ಕೆ.ಎಲ್. ರಾಹುಲ್ ಲಖನೌ ಬಿಟ್ಟರು, 2024ರ ಹರಾಜಿನಲ್ಲಿ ದೆಹಲಿ 14 ಕೋಟಿಗೆ ಕೊಂಡಿತು. ಲಖನೌಗೆ ಪರಿಹಾರ ಅಂತ ಏನೂ ಬರಲಿಲ್ಲ, ಯಾರೂ ಕೇಳಲೂ ಇಲ್ಲ. ಬೇಸ್‌ಬಾಲ್‌ನಲ್ಲಿ ಮಾತ್ರ ಯಾಕೆ ಕೇಳುತ್ತಾರೆ? ಯಾಕೆಂದರೆ ಅಲ್ಲಿ ಆಟಗಾರ ತಂಡದ ಸೊತ್ತು ಅನ್ನುವ ಭಾವನೆ ಬಹಳ ಹಳೆಯದು. 1975ರವರೆಗೂ ಕರಾರು ಮುಗಿದರೂ ಅವನು ಅದೇ ತಂಡದವನೇ. ಕರ್ಟ್ ಫ್ಲಡ್ ಎಂಬ ಆಟಗಾರ ಇದನ್ನು ಸುಪ್ರೀಂ ಕೋರ್ಟ್‌ವರೆಗೆ ಒಯ್ದು 1972ರಲ್ಲಿ ಸೋತರು. 1975ರ ಡಿಸೆಂಬರ್‌ನಲ್ಲಿ ಪೀಟರ್ ಸೈಟ್ಜ್ ಎಂಬ ಮಧ್ಯಸ್ಥಗಾರರು ಆಂಡಿ ಮೆಸ್ಸರ್‌ಸ್ಮಿತ್, ಡೇವ್ ಮೆಕ್‌ನಾಲಿ ಎಂಬ ಇಬ್ಬರು ಪಿಚರ್‌ಗಳ (ಚೆಂಡು ಎಸೆಯುವವರ) ಪರ ತೀರ್ಪು ಕೊಟ್ಟಾಗ ಕಟ್ಟು ಕಳಚಿತು. ಆಮೇಲೆ ಆಟಗಾರರ ಸಂಘಕ್ಕೂ ಮಾಲೀಕರಿಗೂ ಆದ ಒಪ್ಪಂದದಂತೆ, ಮೇಜರ್ ಲೀಗ್‌ನಲ್ಲಿ ಆರು ವರ್ಷ ಆಡಿದವನು ಫ್ರೀ ಏಜೆಂಟ್. ಇಷ್ಟ ಬಂದ ತಂಡಕ್ಕೆ ಹೋಗಬಹುದು.

ಮಾಲೀಕರು ಸುಮ್ನೆ ಬಿಡಲಿಲ್ಲ. ಒಳ್ಳೆಯ ಆಟಗಾರನನ್ನು ಕರೆದುಕೊಂಡ ತಂಡ ಅವನ ಬದಲಿಗೆ ಒಬ್ಬ ನಿಜವಾದ ಆಟಗಾರನನ್ನೇ ಕೊಡಬೇಕು ಅಂತ ಪಟ್ಟು ಹಿಡಿದರು. ಹಾಗಾದರೆ ಯಾವ ತಂಡ ತಾನೇ ಫ್ರೀ ಏಜೆಂಟ್‌ಗೆ ದೊಡ್ಡ ಹಣ ಕೊಡುತ್ತದೆ? 1981ರ ಮುಷ್ಕರ ನಡೆದದ್ದೇ ಈ ವಿಷಯಕ್ಕೆ. ಜೂನ್ 12ರಿಂದ ಜುಲೈ ಕೊನೆಯವರೆಗೆ ಆಟ ನಿಂತಿತು, 700ಕ್ಕೂ ಜಾಸ್ತಿ ಪಂದ್ಯ ರದ್ದಾದವು.

ಕೊನೆಗೆ ಒಂದು ರಾಜಿ ಆಯಿತು. ಅದರ ಫಲ ಎಷ್ಟು ತಮಾಷೆಯಾಗಿತ್ತು ಅಂದರೆ, ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಇಷ್ಟದ ಭಾಗ ಇದೇ. ಪ್ರತಿ ತಂಡವೂ ತನ್ನ ಆಟಗಾರರಲ್ಲಿ ತಾನು ಉಳಿಸಿಕೊಳ್ಳುವವರ ಒಂದು ಪಟ್ಟಿ ಕೊಡಬೇಕು. ಪಟ್ಟಿಯಲ್ಲಿ ಇಲ್ಲದವರೆಲ್ಲ ಒಂದು ಸಾಮಾನ್ಯ ಗುಂಪಿಗೆ ಸೇರುತ್ತಾರೆ. ಯಾವ ತಂಡ ಮೇಲ್ದರ್ಜೆಯ ಫ್ರೀ ಏಜೆಂಟ್‌ನನ್ನು ಕಳೆದುಕೊಂಡಿತೋ ಅದು ಆ ಗುಂಪಿನಿಂದ ಯಾರನ್ನಾದರೂ ಆರಿಸಬಹುದು, ಅವನು ಯಾವ ತಂಡದವನೇ ಆಗಿರಲಿ! 1984ರ ಜನವರಿಯಲ್ಲಿ ಶಿಕಾಗೋ ವೈಟ್ ಸಾಕ್ಸ್‌ನ ಡೆನ್ನಿಸ್ ಲ್ಯಾಂಪ್ ಟೊರಾಂಟೊ ಸೇರಿದರು. ವೈಟ್ ಸಾಕ್ಸ್ ಪರಿಹಾರವಾಗಿ ಆರಿಸಿದ್ದು ನ್ಯೂಯಾರ್ಕ್ ಮೆಟ್ಸ್‌ನ ಟಾಮ್ ಸೀವರ್‌ರನ್ನು. ಮೆಟ್ಸ್ ಈ ವ್ಯವಹಾರದಲ್ಲಿ ಎಲ್ಲೂ ಇಲ್ಲ. ಅವರು ಯಾರನ್ನೂ ಕಸಿದಿರಲಿಲ್ಲ. 39 ವಯಸ್ಸಿನ, ಜಾಸ್ತಿ ಸಂಬಳದ ಪಿಚರ್‌ನನ್ನು ಯಾರು ಕೇಳುತ್ತಾರೆ ಅಂತ ಸೀವರ್ ಹೆಸರನ್ನು ಪಟ್ಟಿಯಿಂದ ಬಿಟ್ಟಿದ್ದರು, ಅಷ್ಟೇ. ಮೆಟ್ಸ್ ಇತಿಹಾಸದ ಅತಿ ದೊಡ್ಡ ಆಟಗಾರ ಹಾಗೆ ಕೈಬಿಟ್ಟುಹೋದರು. 1985ರ ಆಗಸ್ಟ್ 4ರಂದು ಅವರು ಪಿಚರ್ ಆಗಿ ತಮ್ಮ 300ನೇ ಗೆಲುವು ಪಡೆದರು. ಊರು ನ್ಯೂಯಾರ್ಕೇ, ಆದರೆ ಮೈದಾನ ಯಾಂಕೀಸ್‌ದು, ಮೈಮೇಲೆ ವೈಟ್ ಸಾಕ್ಸ್ ಜರ್ಸಿ.

ಆ ವರ್ಷವೇ ಈ ಗುಂಪಿನ ಪದ್ಧತಿ ರದ್ದಾಯಿತು. ಆಟಗಾರನ ಬದಲು ಡ್ರಾಫ್ಟ್ ಪಿಕ್ ಮಾತ್ರ ಪರಿಹಾರವಾಗಿ ಉಳಿಯಿತು. ಡ್ರಾಫ್ಟ್ ಅಂದರೆ ಶಾಲೆ, ಕಾಲೇಜುಗಳ ಹುಡುಗರನ್ನು ತಂಡಗಳು ಸರದಿಯಲ್ಲಿ ಆರಿಸುವುದು, 1965ರಿಂದ ನಡೆಯುತ್ತಿದೆ. ಫ್ರೀ ಏಜೆಂಟ್‌ಗಳನ್ನು ಅಂಕಿಅಂಶ ನೋಡಿ ಎ ದರ್ಜೆ, ಬಿ ದರ್ಜೆ ಅಂತ ವಿಂಗಡಿಸುತ್ತಿದ್ದರು. ಎ ದರ್ಜೆಯವನು ಹೋದರೆ, ಅವನನ್ನು ಪಡೆದ ತಂಡದ ಮೇಲಿನ ಸುತ್ತಿನ ಪಿಕ್ ಹಳೆಯ ತಂಡಕ್ಕೆ. ಜಾಣರು ಇದರಲ್ಲೂ ಲಾಭ ಕಂಡರು. ಆಗಿನ ಓಕ್‌ಲೆಂಡ್ ಎ'ಸ್ ಬಡ ತಂಡ, ತಾರೆಯರಿಗೆ ಸಂಬಳ ಕೊಡಲಾಗುತ್ತಿರಲಿಲ್ಲ. ಜೇಸನ್ ಜಿಯಾಂಬಿ ಯಾಂಕೀಸ್‌ಗೂ ಜಾನಿ ಡೇಮನ್ ಬಾಸ್ಟನ್‌ಗೂ ಹೋದಾಗ ಬಂದ ಪಿಕ್‌ಗಳಲ್ಲಿ 2002ರಲ್ಲಿ ಜೋ ಬ್ಲಾಂಟನ್, ನಿಕ್ ಸ್ವಿಷರ್ ಸಿಕ್ಕರು. ಇನ್ನೂ ದೊಡ್ಡ ಲಾಟರಿ ಏಂಜೆಲ್ಸ್ ತಂಡಕ್ಕೆ ಹೊಡೆಯಿತು. ಅವರ ಮಾರ್ಕ್ ಟೆಷೆರಾರನ್ನು ಯಾಂಕೀಸ್ ಕರೆದುಕೊಂಡಿತು. ಅದಕ್ಕೆ ಪ್ರತಿಯಾಗಿ ಬಂದ 25ನೇ ಪಿಕ್‌ನಲ್ಲಿ ಏಂಜೆಲ್ಸ್ 2009ರಲ್ಲಿ ಮೈಕ್ ಟ್ರೌಟ್‌ನನ್ನು ಆರಿಸಿತು. ಟ್ರೌಟ್ ಮೂರು ಸಲ ಎಂವಿಪಿ, ಅಂದರೆ ವರ್ಷದ ಅತ್ಯುತ್ತಮ ಆಟಗಾರ, ಆದವರು.

2012ರಿಂದ ಇರುವುದು ಕ್ವಾಲಿಫೈಯಿಂಗ್ ಆಫರ್. ಸೀಸನ್ ಮುಗಿದ ಮೇಲೆ ಹಳೆಯ ತಂಡ ಆಟಗಾರನಿಗೆ ಒಂದು ವರ್ಷದ ಆಫರ್ ಕೊಡಬಹುದು. ಮೊತ್ತ ಎಲ್ಲರಿಗೂ ಒಂದೇ: ಲೀಗ್‌ನ ಅತಿ ಹೆಚ್ಚಿನ 125 ಸಂಬಳಗಳ ಸರಾಸರಿ. ಮೊದಲ ವರ್ಷ 1.33 ಕೋಟಿ ಡಾಲರ್ ಇತ್ತು, 2025ರಲ್ಲಿ 2.2 ಕೋಟಿ ದಾಟಿದೆ. ಒಪ್ಪಿದರೆ ಅಲ್ಲೇ ಇರುತ್ತಾನೆ. ಬೇಡ ಅಂದು ಬೇರೆ ಕಡೆ ಹೋದರೆ ಹಳೆಯ ತಂಡಕ್ಕೆ ಒಂದು ಪಿಕ್, ಹೊಸ ತಂಡಕ್ಕೆ ಪಿಕ್ ನಷ್ಟ. ಎಷ್ಟು ನಷ್ಟ ಅನ್ನುವುದು ಆ ತಂಡ ಎಷ್ಟು ಖರ್ಚು ಮಾಡುತ್ತದೆ ಅನ್ನುವುದರ ಮೇಲೆ ನಿಂತಿದೆ. ಸಂಬಳದ ಮಿತಿ ದಾಟಿ ತೆರಿಗೆ ಕಟ್ಟುವ ತಂಡ ಎರಡು ಪಿಕ್ ಮತ್ತು ವಿದೇಶಿ ಹುಡುಗರಿಗೆ ಇಟ್ಟ ಹಣದಲ್ಲಿ 10 ಲಕ್ಷ ಡಾಲರ್ ಕಳೆದುಕೊಳ್ಳುತ್ತದೆ. ಉಳಿದ ತಂಡಗಳಿಗೆ ಒಂದು ಪಿಕ್ ಹೋಗುತ್ತದೆ. ಈಗ ಒಬ್ಬ ಆಟಗಾರನಿಗೆ ಜೀವನದಲ್ಲಿ ಒಂದೇ ಸಲ ಈ ಆಫರ್ ಕೊಡಬಹುದು. ಸೀಸನ್ ನಡುವೆ ತಂಡ ಬದಲಾದವನಿಗೆ ಕೊಡುವಂತೆಯೇ ಇಲ್ಲ. ಜುಲೈ ಕೊನೆಯಲ್ಲಿ 'ಈಗಲೇ ಮಾರಿಬಿಡೋಣವಾ, ಇಟ್ಟುಕೊಂಡು ಪಿಕ್ ತೆಗೆದುಕೊಳ್ಳೋಣವಾ' ಅಂತ ತಂಡಗಳು ತಲೆ ಕೆಡಿಸಿಕೊಳ್ಳುವುದು ಇದಕ್ಕೇ.

ಮೊದಲ ಮೂರು ವರ್ಷ 34 ಜನಕ್ಕೆ ಆಫರ್ ಬಂತು, ಒಬ್ಬರೂ ಒಪ್ಪಲಿಲ್ಲ. ಹಾಗಾದರೆ ತೊಂದರೆ ಏನು ಅಂತೀರಾ? ಜಪಾನಿನ ತಾರೆ ಶೋಹೆ ಓಟಾನಿಯಂಥವರಿಗೆ ಏನೂ ಇಲ್ಲ. 70 ಕೋಟಿ ಡಾಲರ್ ಕೊಡಲು ಹೊರಟ ಡಾಡ್ಜರ್ಸ್‌ಗೆ ಎರಡು ಪಿಕ್ ಯಾವ ಲೆಕ್ಕ! ಪೆಟ್ಟು ಬೀಳುವುದು ಮಧ್ಯಮ ದರ್ಜೆಯವರಿಗೆ. ಸ್ಟೀಫನ್ ಡ್ರೂ ಆಫರ್ ಬೇಡ ಅಂದರು. ಪಿಕ್ ಬಿಟ್ಟುಕೊಟ್ಟು ಅವರನ್ನು ಕರೆಯಲು ಯಾರೂ ಸಿದ್ಧರಿರಲಿಲ್ಲ. 2014ರ ಮೇ ತಿಂಗಳವರೆಗೆ ಮನೆಯಲ್ಲಿ ಕೂತು ಕೊನೆಗೆ ಹಳೆಯ ತಂಡ ಬಾಸ್ಟನ್‌ಗೇ ಮರಳಿದರು. ಕೆಂಡ್ರಿಸ್ ಮೊರಾಲೆಸ್ ಜೂನ್‌ನಲ್ಲಿ ಡ್ರಾಫ್ಟ್ ಮುಗಿಯುವವರೆಗೂ ಕಾದರು, ಯಾಕೆಂದರೆ ಡ್ರಾಫ್ಟ್ ಆದ ಮೇಲೆ ದಂಡ ಇಲ್ಲ. ಹಿಂದೆ ಸೈ ಯಂಗ್ ಪ್ರಶಸ್ತಿ (ವರ್ಷದ ಶ್ರೇಷ್ಠ ಪಿಚರ್‌ಗೆ ಕೊಡುವುದು) ಪಡೆದಿದ್ದ ಡಾಲಸ್ ಕೈಕಲ್, ಜೊತೆಗೆ ಕ್ರೇಗ್ ಕಿಂಬ್ರೆಲ್ ಕೂಡ ಹೀಗೇ 2019ರ ಜೂನ್‌ವರೆಗೆ ಕಾಯಬೇಕಾಯಿತು. ಹೆಸರಿಗೆ ಇದು ಹಳೆಯ ತಂಡಕ್ಕೆ ಪರಿಹಾರ. ನನ್ನ ಪ್ರಕಾರ ಇದು ಆಟಗಾರನ ಸಂಬಳದಿಂದ ಕಿತ್ತುಕೊಂಡ ಹಣ. ಹೊಸ ತಂಡ ತನ್ನ ನಷ್ಟವನ್ನು ಅವನಿಗೆ ಕೊಡುವ ಮೊತ್ತದಲ್ಲೇ ಮುರಿದುಕೊಳ್ಳುತ್ತದಲ್ವಾ?

ಇನ್ನು ರೂಲ್ 5. ಇದರ ಉದ್ದೇಶ ತದ್ವಿರುದ್ಧ. ಶ್ರೀಮಂತ ತಂಡ ಒಳ್ಳೆಯ ಹುಡುಗರನ್ನೆಲ್ಲ ಮೈನರ್ ಲೀಗ್‌ನಲ್ಲಿ ಕೂಡಿಹಾಕಿ, ತಾನೂ ಆಡಿಸದೆ, ಬೇರೆಯವರಿಗೂ ಬಿಡದೆ ಇರಬಾರದು ಅಂತ ಮಾಡಿದ್ದು. 18 ವಯಸ್ಸಿನೊಳಗೆ ಸೇರಿದವನಿಗೆ ಐದು ಸೀಸನ್, 19 ಅಥವಾ ಮೇಲಿನವನಿಗೆ ನಾಲ್ಕು ಸೀಸನ್. ಅಷ್ಟರಲ್ಲಿ ತಂಡ ಅವನನ್ನು ತನ್ನ ಮುಖ್ಯ 40 ಜನರ ಪಟ್ಟಿಗೆ ಸೇರಿಸಬೇಕು. ಸೇರಿಸದಿದ್ದರೆ ಡಿಸೆಂಬರ್‌ನಲ್ಲಿ ಬೇರೆ ಯಾರಾದರೂ 1 ಲಕ್ಷ ಡಾಲರ್ ಕೊಟ್ಟು ಎತ್ತಿಕೊಳ್ಳಬಹುದು. ಹಿಂದಿನ ಸೀಸನ್‌ನಲ್ಲಿ ಸೋತವರಿಗೆ ಮೊದಲ ಸರದಿ.

ಆದರೆ ಒಂದು ಷರತ್ತಿದೆ, ಮಜಾ ಇರುವುದೇ ಅದರಲ್ಲಿ. ಎತ್ತಿಕೊಂಡವನನ್ನು ಮುಂದಿನ ಸೀಸನ್ ಪೂರ್ತಿ ಮೇಜರ್ ಲೀಗ್‌ನ 26 ಜನರಲ್ಲೇ ಇಟ್ಟುಕೊಳ್ಳಬೇಕು, ಮೈನರ್ ಲೀಗ್‌ಗೆ ಕಳಿಸುವಂತಿಲ್ಲ. ಆಗದಿದ್ದರೆ ಮೊದಲು ಉಳಿದ ತಂಡಗಳಿಗೆ ಅವಕಾಶ. ಅವರೂ ಬೇಡ ಅಂದರೆ 50 ಸಾವಿರ ಡಾಲರ್‌ಗೆ ಹಳೆಯ ತಂಡಕ್ಕೇ ವಾಪಸ್. ಗೆಲ್ಲುವ ತಂಡಕ್ಕೆ ಇಂಥ ಹಸಿ ಹುಡುಗನನ್ನು ಇಟ್ಟುಕೊಳ್ಳುವುದು ಕಷ್ಟ, ಸೋಲುವವರಿಗೆ ಏನೂ ಹೋಗುವುದಿಲ್ಲ. 2000ದಲ್ಲಿ ಮಿನ್ನೆಸೊಟಾ ಟ್ವಿನ್ಸ್ ಯೋಹಾನ್ ಸಾಂಟಾನಾನನ್ನು ಹೀಗೇ ಇಟ್ಟುಕೊಂಡಿತು. ಆ ವರ್ಷ ಅವನ ಇಆರ್‌ಎ (ಪಿಚರ್ ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ ಬಿಟ್ಟುಕೊಟ್ಟ ರನ್) 6.49, ಅಂದರೆ ಹಿಗ್ಗಾಮುಗ್ಗಾ ಹೊಡೆಸಿಕೊಂಡ. 2004 ಮತ್ತು 2006ರಲ್ಲಿ ಸೈ ಯಂಗ್ ಅವನಿಗೇ. 2024ರಲ್ಲಿ 121 ಪಂದ್ಯ ಸೋತ ವೈಟ್ ಸಾಕ್ಸ್ ಮೊದಲ ಸರದಿಯಲ್ಲಿ ಶೇನ್ ಸ್ಮಿತ್‌ನನ್ನು ಆರಿಸಿತು, ಮರುವರ್ಷವೇ ಅವನು ಆಲ್‌ಸ್ಟಾರ್ ಆದ. ಎಲ್ಲರಿಗೂ ಹೀಗೆ ಆಗುವುದಿಲ್ಲ. ಹೊಸೆ ಬಟಿಸ್ಟಾ 2004ರ ಒಂದೇ ವರ್ಷದಲ್ಲಿ ಐದು ತಂಡಗಳ ಪಟ್ಟಿ ಸುತ್ತಿದ. ಅವನು 54 ಹೋಮ್‌ರನ್ ಹೊಡೆದದ್ದು ಆರು ವರ್ಷ ಕಳೆದ ಮೇಲೆ, ಟೊರಾಂಟೊದಲ್ಲಿ.

ಇದರ ಅತಿ ದೊಡ್ಡ ಹೆಸರು ರಾಬರ್ಟೊ ಕ್ಲೆಮೆಂಟೆ. ಆಗ ನಿಯಮ ಬೇರೆ ಇತ್ತು: 4,000 ಡಾಲರ್‌ಗಿಂತ ಜಾಸ್ತಿ ಬೋನಸ್ ಪಡೆದವನನ್ನು ಮೇಜರ್ ಲೀಗ್‌ನಲ್ಲೇ ಇಡಬೇಕು, ಇಲ್ಲವಾದರೆ ಡ್ರಾಫ್ಟ್‌ಗೆ ಬಿಡಬೇಕು. ಬ್ರೂಕ್ಲಿನ್ ಡಾಡ್ಜರ್ಸ್ 10,000 ಡಾಲರ್ ಬೋನಸ್ ಕೊಟ್ಟು ಅವರನ್ನು ಮಾಂಟ್ರಿಯಲ್‌ನ ಮೈನರ್ ಲೀಗ್ ತಂಡಕ್ಕೆ ಕಳಿಸಿತು. 1954ರ ನವೆಂಬರ್‌ನಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ 4,000 ಡಾಲರ್‌ಗೆ ಎತ್ತಿಕೊಂಡಿತು. ಮುಂದೆ 18 ಸೀಸನ್, ಸರಿಯಾಗಿ 3,000 ಹಿಟ್, ಎಲ್ಲವೂ ಪಿಟ್ಸ್‌ಬರ್ಗ್‌ಗೇ.

ರೂಲ್ 5ರಲ್ಲಿ ಮೈನರ್ ಲೀಗ್ ಭಾಗ ಅಂತ ಇನ್ನೊಂದಿದೆ. ಅಲ್ಲಿ ಬೆಲೆ 24 ಸಾವಿರ ಡಾಲರ್, ವಾಪಸ್ ಕೊಡುವ ಮಾತಿಲ್ಲ, ಮೇಜರ್ ಲೀಗ್‌ನಲ್ಲಿ ಇಟ್ಟುಕೊಳ್ಳುವ ಷರತ್ತೂ ಇಲ್ಲ. ಟಿವಿಯವರು ಇದನ್ನು ಅಷ್ಟಾಗಿ ಗಮನಿಸುವುದಿಲ್ಲ. 2021ರ ಡಿಸೆಂಬರ್‌ನಲ್ಲಿ ಮಾಲೀಕರು ಲಾಕೌಟ್ ಮಾಡಿದಾಗ ಮುಖ್ಯ ಭಾಗ ರದ್ದಾಗಿ ಇದೊಂದೇ ನಡೆಯಿತು. ಈಗಿನ ಒಪ್ಪಂದ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತದೆ, ಮೇಲೆ ಹೇಳಿದ ಆಫರ್, ದಂಡ ಎಲ್ಲವೂ ಅದರ ಭಾಗ. ಹಾಗಾಗಿ ನೀವು ಇದನ್ನು ಓದುವುದು ಆ ದಿನದ ನಂತರವಾದರೆ ಮೊತ್ತಗಳನ್ನು ಇನ್ನೊಮ್ಮೆ ನೋಡಿಕೊಳ್ಳಿ.