ಕೃತಕ ಜೀವಕೋಶ: ಒಳಿತೇ, ಅಪಾಯವೇ?

ಪ್ರಶ್ನೆ: ಕೃತಕ ಜೀವಕೋಶಗಳಿಂದ ನಮಗೆ ಒಳಿತೇ, ಅಪಾಯವೇ? ಜೀವವನ್ನು ಸೃಷ್ಟಿಸುವ ಹಕ್ಕು ಮನುಷ್ಯನಿಗಿದೆಯೇ?
– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ಬರಿಯ ರಾಸಾಯನಿಕಗಳಿಂದ ಪೂರ್ಣ ಜೀವಕೋಶವನ್ನು ಇನ್ನೂ ಯಾರೂ ಸೃಷ್ಟಿಸಿಲ್ಲ. 2010ರಲ್ಲಿ ಅಮೆರಿಕದ ವಿಜ್ಞಾನಿ ಕ್ರೇಗ್ ವೆಂಟರ್ ತಂಡವು, ಪ್ರಯೋಗಾಲಯದಲ್ಲಿ ಜೋಡಿಸಿದ ಜೀನೋಮನ್ನು (ಜೀವಿಯ ಸಂಪೂರ್ಣ ಡಿಎನ್ಎಯನ್ನು) ಅದಾಗಲೇ ಜೀವಂತವಾಗಿದ್ದ ಬ್ಯಾಕ್ಟೀರಿಯಾದ ಕೋಶದೊಳಗೆ ಸೇರಿಸಿತು. 2016ರಲ್ಲಿ ಆ ಜೀನೋಮನ್ನು 473 ಜೀನ್‌ಗಳಿಗೆ ಇಳಿಸಿದಾಗ, ಅವುಗಳಲ್ಲಿ 149ರ ಕೆಲಸವೇನೆಂದು ಆ ತಂಡಕ್ಕೇ ತಿಳಿದಿರಲಿಲ್ಲ. ಅಪಾಯದ ಮಾತು ಬಂದಾಗ ನನ್ನನ್ನು ಹೆಚ್ಚು ಎಚ್ಚರಿಸುವುದು ಈ ಸಂಖ್ಯೆಯೇ.

ಔಷಧ ತಯಾರಿಕೆಗೂ ಜೀವದ ಮೂಲವನ್ನು ಅರಿಯುವುದಕ್ಕೂ ಇಂತಹ ಕೋಶಗಳು ನೆರವಾಗಬಲ್ಲವು. ಆದರೆ ಅಣುಗಳೆಲ್ಲವೂ ಕನ್ನಡಿಯ ಬಿಂಬದಂತೆ ತಿರುಗಿರುವ ಬ್ಯಾಕ್ಟೀರಿಯಾವನ್ನು ನಿರ್ಮಿಸಿದರೆ, ಅದು ನಮ್ಮ ರೋಗನಿರೋಧಕ ವ್ಯವಸ್ಥೆಯ ಕಣ್ಣಿಗೆ ಬೀಳದೆ ಹಬ್ಬಬಹುದೆಂದು ವಿಜ್ಞಾನಿಗಳೇ 2024ರಲ್ಲಿ ಎಚ್ಚರಿಸಿದರು. ಹಕ್ಕಿಗಿಂತ ಮೊದಲು ಕೇಳಬೇಕಾದದ್ದು, ಆ ಕೋಶ ಪ್ರಯೋಗಾಲಯದಿಂದ ಹೊರಬಿದ್ದರೆ ಹೊಣೆ ಯಾರದು ಎಂಬುದನ್ನು.