ಹಳೇ ನ್ಯಾರೋ ಟ್ರ್ಯಾಕ್ ಜಿಪ್ಸಿಗೆ ಹಿಂದಿನ ಹೌಸಿಂಗ್ ಅಷ್ಟ ವೈಡ್ ಟ್ರ್ಯಾಕ್‌ದು ಹಾಕಬಹುದೇನು?

ಹಾಕಬಹುದ್ರಿ ಸರ, ಕೂಡತೈತಿ. ಆದ್ರ ಹಿಂದಿಂದ ಅಷ್ಟ ಹಾಕಬ್ಯಾಡ್ರಿ. ನಿಮ್ದು 1989ರ ಜಿಪ್ಸಿ, ಗುಜರಿಯಾಗ ಅಗಲ ಹೌಸಿಂಗ್ (ಎಕ್ಸಲ್ ಶಾಫ್ಟ್ ಒಳಗಿರೋ ಅಡ್ಡ ಪೈಪ) ಒಂದ ಸಿಕ್ಕೈತಿ, ಅದನ್ನ ಹಿಂದ ಕೂಡ್ಸಿ ಖಾನಾಪುರ ಜಾಂಬೋಟಿ ಕಡೆ ಕಾಡಹಾದ್ಯಾಗ ಗಾಡಿ ವಾಲಾಡೂದು ಕಡಿಮಿ ಮಾಡ್ಕೋಬೇಕು ಅಂತ ಕೇಳೀರಿ. ನಮ್ಮ ಗಾಡಿಗೆ ಮುಂದ ಹಿಂದ ಎರಡೂ ಹಾಕ್ಸೀನಿ, ಕೆಲಸ ಆಗಿದ್ದು ಇಲ್ಲೇ ಬೆಳಗಾವ್ಯಾಗ, ಲೇಥ್ ಕೆಲಸ ಉದ್ಯಮಬಾಗದಾಗ, ಅದಕ್ಕ ಹೇಳಾಕತ್ತೀನಿ.

ಮೊದ್ಲ ಲೆಕ್ಕಾ ನೋಡ್ರಿ. ಮಾರುತಿಯವ್ರು 1993ರಾಗ ಎಂಜಿ 410 ಡಬ್ಲ್ಯೂ, ಅಂದ್ರ ವೈಡ್ ಟ್ರ್ಯಾಕ್ ಜಿಪ್ಸಿ ತಂದಾಗ ಮುಂದೂ ಹಿಂದೂ ಟ್ರ್ಯಾಕ್ (ಎಡಾ ಬಲಾ ಗಾಲಿ ನಡುವಿನ ಅಂತರ) 90 ಎಂಎಂ ಹೆಚ್ಚ ಮಾಡಿದ್ರು, ಮುಂದ 1300, ಹಿಂದ 1310. ಅಂದ್ರ ಒಂದೊಂದ ಗಾಲಿ 45 ಎಂಎಂ ಹೊರಗ ಬಂತು. ಈಗ ಗಾಡಿ ಮಗ್ಗಲಕ್ಕ ಬೀಳೂದು ಯಾವುದರ ಮ್ಯಾಲ ಅಂದ್ರ, ಮುಂದಿನ ಗಾಲಿ ನೆಲಕ್ಕ ಹತ್ತಿದ ಜಾಗಾಕ್ಕೂ ಹಿಂದಿನ ಗಾಲಿ ಹತ್ತಿದ ಜಾಗಾಕ್ಕೂ ಒಂದ ಗೆರಿ ಎಳದ್ರ ಆ ಗೆರಿ ಮ್ಯಾಲ. ಹಿಂದಿಂದ ಅಷ್ಟ ಅಗಲ ಆದ್ರ ಗಾಡಿ ನಡಬರಕ ನಿಮಗ ಸಿಗೂದು ಒಂದ ಮಗ್ಗಲಕ್ಕ 22 ಎಂಎಂ ಸನೀಪ, ಇಂಜಿನ್ ಭಾರ ಇರೋ ಮುಂದಿನ ಕಡೆ ಅಂತೂ ಇನ್ನೂ ಕಡಿಮಿ. ಇಷ್ಟಕ್ಕ ಇಷ್ಟ ಖರ್ಚ ಯಾಕ್ರಿ?

ಇನ್ನೊಂದ ತ್ರಾಸ ಐತಿ, ಅದು ಕೆಸರನ್ಯಾಗ ಗೊತ್ತಾಗತೈತಿ. ಈಗ ನಿಮ್ಮ ಹಿಂದಿನ ಗಾಲಿ ಮುಂದಿನ ಗಾಲಿ ಹಾಸಿದ ಜಾಡಿನ್ಯಾಗ ಬರತಾವು, ಮುಂದಿಂದು ಕೆಸರ ಒತ್ತಿ ಹಾದಿ ಮಾಡಿ ಕೊಟ್ಟಿರತೈತಿ. ಹಿಂದಿಂದು ಹೊರಗ ಹೋದ್ರ ಅದು ತಂದ ಬ್ಯಾರೆ ಹೊಸಾ ಜಾಡ ಕೊರಕೋಂತ ಬರಬೇಕು. ಖಾನಾಪುರದ ಕೆಂಪ ಮಣ್ಣಿನ್ಯಾಗ ಹೆಂಗರ ನಡೀತೈತಿ, ಬೈಲಹೊಂಗಲ ಸವದತ್ತಿ ಕಡೆ ಎರಿ ಹೊಲದ ಹಾದ್ಯಾಗ ಮಳಿಗಾಲದಾಗ ಹೋಗಿ ನೋಡ್ರಿ, ಇಂಜಿನ್ ಒದ್ದಾಡತೈತಿ, ಗಾಡಿ ಮುಂದ ಹೋಗಂಗಿಲ್ಲ.

ಸ್ಪೇಸರ್ (ಗಾಲಿಗೂ ಹಬ್ಬಿಗೂ ನಡುವ ಕೂಡಸೂ ದಪ್ಪ ಬಿಲ್ಲಿ) ಹಾಕ್ರಿ ಅಂತ ಹೇಳಾವ್ರ ಭಾಳ ಇದ್ದಾರ. ಸ್ಪೇಸರ್ ಹಾಕಿದ್ರ ಗಾಲಿ ಅಷ್ಟ ಹೊರಗ ಹೋಗತೈತಿ, ಬೇರಿಂಗ್ ಇದ್ದಲ್ಲೇ ಇರತೈತಿ, ಎಲ್ಲಾ ಎಳತಾ ಬೇರಿಂಗ್ ಮ್ಯಾಲ ಬೀಳತೈತಿ. ವೈಡ್ ಹೌಸಿಂಗ್‌ನ್ಯಾಗ ಬೇರಿಂಗೂ ಗಾಲಿ ಜೋಡಿ ಹೊರಗ ಬರತೈತಿ, ನನಗ ಇದು ಪಸಂದ ಆಗಿದ್ದು ಅದಕ್ಕ.

ಈಗ ಖರೀದಿ ವಿಷಯ. ಬರೇ ಖಾಲಿ ಹೌಸಿಂಗ್ ತರಬ್ಯಾಡ್ರಿ, ಡ್ರಮ್ಮಿನಿಂದ ಡ್ರಮ್ಮಿನ ತನಕ ಪೂರಾ ಸೆಟ್ ತರ್ರಿ. ಯಾಕಂದ್ರ ನಿಮ್ಮ ಹಳೇ ಎಕ್ಸಲ್ ಶಾಫ್ಟ್ ಗಿಡ್ಡ ಆಗತಾವು, ಮತ್ತ ಜಿಪ್ಸಿಯಾಗ ಡಿಫ್ರೆನ್ಸಲ್ (ಎರಡೂ ಗಾಲಿಗೆ ಶಕ್ತಿ ಹಂಚೂ ಗೇರ್ ಗುಂಡು) ನಡಬರಕ ಇರೂದಿಲ್ಲಲ್ಲ, ಎಡಗಡೆ ಬಲಗಡೆ ಶಾಫ್ಟ್ ಉದ್ದ ಬ್ಯಾರೆ ಬ್ಯಾರೆ, ಯಾರೋ ಎರಡೂ ಒಂದ ಅಳತಿದು ಕೊಟ್ರ ಮುಗೀತ ಕಥಿ. ಶಾಫ್ಟ್ ಹೊರಗ ತಗಸಿ ಆಯಿಲ್ ಸೀಲ್ ತಿಕ್ಕೂ ಜಾಗಾದ ಮ್ಯಾಲ ಉಗುರು ಆಡಿಸ್ರಿ, ಅಲ್ಲಿ ಹೊಳಿಯೂ ಉಂಗುರದಂಥಾ ಗೆರಿ ಇರತೈತಿ, ಅದಕ್ಕ ಉಗುರು ಸಿಕ್ತಂದ್ರ ಎಷ್ಟ ಹೊಸಾ ಸೀಲ್ ಹಾಕಿದ್ರೂ ಆಯಿಲ್ ಬ್ರೇಕ್ ಲೈನರ್ ಮ್ಯಾಲೇ ಇಳೀತೈತಿ. ಹೌಸಿಂಗ್ ಮ್ಯಾಲಿನ ಬ್ರೀದರ್ (ಒಳಗಿನ ಗಾಳಿ ಹೊರಗ ಬಿಡೂ ಸಣ್ಣ ನಳಿಗಿ) ಕೆಸರ ತುಂಬಿ ಬಂದ್ ಆಗಿದ್ರೂ ಇದ ಆಗತೈತಿ, ಒಳಗ ಗಾಳಿ ಕಾದು ಸೀಲ್ ದಾಟಿಸಿ ಆಯಿಲ್ ಹೊರಗ ಒತ್ತತೈತಿ. ನಮ್ಮ ಫಿಟ್ಟರ್ ಮೊದ್ಲ ನೋಡೂದ ಬ್ರೀದರ್.

ಹೌಸಿಂಗ್ ಸೀದಾ ಐತೋ ಇಲ್ಲೋ ಕಣ್ಣಿಗೆ ಕಾಣಂಗಿಲ್ಲ, ಭಾರ ಹೇರಿ ಜಿಗಿಸಿದ ಗಾಡಿದು ಬಗ್ಗಿರತೈತಿ. ಲೇಥಿಗೆ ಕಟ್ಟಿ ಡಯಲ್ ಗೇಜ್ ಹಚ್ಚಿ ನೋಡಸ್ರಿ. ಪಾಟಾ (ಲೀಫ್ ಸ್ಪ್ರಿಂಗ್) ಕೂಡೂ ಪ್ಯಾಡ್ ವೆಲ್ಡಿಂಗ್ ಮಾಡಿಸೂ ಪ್ರಸಂಗ ಬಂದ್ರ ಒಂದ ಸಲಕ್ಕ ಪೂರಾ ಎಳಿಯಾಕ ಬಿಡಬ್ಯಾಡ್ರಿ, ತಟಗ ತಟಗ, ಒಮ್ಮೆ ಆ ಕಡೆ ಒಮ್ಮೆ ಈ ಕಡೆ, ನಡುವ ಆರಾಕ ಬಿಟ್ಟು. ಇಲ್ಲಂದ್ರ ಕಾವಿಗೆ ಪೈಪೇ ಎಳಕೋತೈತಿ.

ಎಲ್ಲಾದಕ್ಕಿಂತ ದೊಡ್ಡದು ರೇಶಿಯೋ, ಅಂದ್ರ ಗಾಲಿ ಒಂದ ಸುತ್ತ ತಿರಗಾಕ ಪ್ರೊಪೆಲರ್ ಶಾಫ್ಟ್ ಎಷ್ಟ ಸುತ್ತ ತಿರಗಬೇಕು ಅನ್ನೂ ಲೆಕ್ಕಾ. ಗುಜರಿಯಾಗಿಂದು 1300 ಸಿಸಿ ಜಿಪ್ಸಿ ಕಿಂಗ್‌ದ ಆಗಿದ್ರ ನಿಮ್ಮ ಹಳೇದರ ಜೋಡಿ ಹೊಂದತೈತಿ ಅಂತ ನಂಬಬ್ಯಾಡ್ರಿ. ಮುಂದ ಹಿಂದ ರೇಶಿಯೋ ಬ್ಯಾರೆ ಇಟ್ಟು ಡಾಂಬರ ಮ್ಯಾಲ ಫೋರ್ ವ್ಹೀಲ್ ಹಾಕಿದ್ರ ಟ್ರಾನ್ಸ್‌ಫರ್ ಕೇಸ್ (ಮುಂದಕ್ಕೂ ಹಿಂದಕ್ಕೂ ಶಕ್ತಿ ಹಂಚೂ ಗೇರ್ ಡಬ್ಬಿ) ಹಲ್ಲ ಹೋಗತಾವು. ನೋಡೂದು ಸರಳ ಐತಿ, ಒಂದ ಕಡೆ ಗಾಲಿ ಅಲಗಾಡದಂಗ ಹಿಡೀರಿ, ಇನ್ನೊಂದನ್ನ 20 ಸುತ್ತ ತಿರವ್ರಿ, ಪ್ರೊಪೆಲರ್ ಶಾಫ್ಟ್ ಕೂಡೂ ಪಿನಿಯನ್ ಫ್ಲ್ಯಾಂಜಿಗೆ ಚಾಕ್‌ಪೀಸ್ ಗುರುತ ಹಾಕಿ ಅದು ಎಷ್ಟ ಸುತ್ತ ಆಗತೈತಿ ಎಣಸ್ರಿ, ಬಂದದ್ದನ್ನ ಹತ್ತರಿಂದ ಭಾಗಿಸ್ರಿ. 41 ಸುತ್ತ ದಾಟಿ ಸ್ವಲ್ಪ ಹೋದ್ರ 4.11. ಹೊಂದಲಿಲ್ಲ ಅಂದ್ರೂ ಚಿಂತಿ ಇಲ್ಲ, ಡಿಫ್ರೆನ್ಸಲ್ ಮುಂದಿನಿಂದ ಪೂರಾ ಬಿಚ್ಚಿ ಬರತೈತಿ, ನಿಮ್ಮ ಹಳೇದನ್ನ ಹೊಸಾ ಹೌಸಿಂಗ್‌ನ್ಯಾಗ ಕೂಡಸಬಹುದು, ಆದ್ರ ಹಳೇ ಶಾಫ್ಟಿನ ತುದಿ ಹಲ್ಲು (ಸ್ಪ್ಲೈನ್) ಹೊಸಾ ಶಾಫ್ಟಿನ ಹಲ್ಲು ಒಂದ ಇದ್ರ ಅಷ್ಟ. ಪ್ರೊಪೆಲರ್ ಫ್ಲ್ಯಾಂಜಿನ ತೂತೂ ಆವಾಗ ನೋಡ್ಕೋರಿ.

ಕಾಗದದ ಮಾತ ಬಂದ್ರ, ಕಂಪನಿ ಮಾಡಿಕೊಟ್ಟ ಗಾಡಿ ಸ್ವರೂಪ ಮನಸ್ಸಿಗೆ ಬಂದಂಗ ಬದಲಿ ಮಾಡಬಾರದು ಅನ್ನೂ ಮೋಟಾರ್ ವಾಹನ ಕಾಯ್ದೆ ಸೆಕ್ಷನ್ 52 ಐತಿ, 2019ರಾಗ ಸುಪ್ರೀಂ ಕೋರ್ಟೂ ಅದನ್ನ ಗಟ್ಟಿ ಮಾಡೇತಿ. ನಿಮ್ಮ ಗಾಡಿ ಐದ ವರ್ಷಕ್ಕೊಮ್ಮೆ ಆರ್‌ಟಿಓ ಮುಂದ ನಿಲ್ಲಬೇಕು, ಗಾಲಿ ಬಾಡಿ ಬಿಟ್ಟು ಹೊರಗ ಬಂದಿದ್ದು ಅವ್ರ ಕಣ್ಣಿಗೆ ಮೊದ್ಲ ಬೀಳೂದು. ಕೆಲಸಕ್ಕ ಕೈ ಹಾಕೂ ಮೊದ್ಲ ಅಲ್ಲೇ ಹೋಗಿ ಕೇಳ್ರಿ. ವೈಡ್ ಟ್ರ್ಯಾಕ್‌ದ ಫ್ಲೇರೂ (ಗಾಲಿ ಮ್ಯಾಲಿನ ಅಗಲ ಮಡಗಾರ್ಡ್ ಅಂಚು) ಹಾಕಸ್ರಿ, ಇಲ್ಲಂದ್ರ ಕೆಸರೆಲ್ಲಾ ಗ್ಲಾಸಿಗೆ ಬರತೈತಿ.

ಗುಜರಿಯವನ ಕಡೆ ಅದ ಗಾಡಿದು ಮುಂದಿನ ಹೌಸಿಂಗ್ ಟೈ ರಾಡ್ (ಮುಂದಿನ ಎರಡೂ ಗಾಲಿ ಜೋಡಿ ತಿರವೂ ರಾಡ್) ಸಮೇತ ಐತೇನ ಕೇಳ್ರಿ. ಇದ್ರ ಜೋಡಿ ರೇಟ್ ಹಚ್ಚಿ ತಗೋರಿ, ಇಲ್ಲಂದ್ರ ಸಿಗೂ ತನಕ ಹಿಂದಿಂದು ಹೊಲದಾಗ ಬಿದ್ದಿರ್ಲಿ, ಅದೇನ ಕೊಳಿಯಂಗಿಲ್ಲ.