ಅಮೆರಿಕದ ಕಾಲೇಜು ಸಾಫ್ಟ್‌ಬಾಲ್‌ನಲ್ಲಿ ಬ್ಯಾಟಿಂಗ್ ತರಬೇತುದಾರರ ವೃತ್ತಿ ಹೇಗಿರುತ್ತದೆ?

ಕಷ್ಟದ ಕೆಲಸ, ಹೆಸರು ಬರುವುದು ತಡವಾಗಿ. ಬೇಸ್‌ಬಾಲ್‌ನಂತಹ ಈ ಆಟದಲ್ಲಿ ಪಿಚರ್ ಚೆಂಡು ಎಸೆಯುವುದು ಬರೀ 43 ಅಡಿ ದೂರದಿಂದ. ಗಂಟೆಗೆ 112 ಕಿ.ಮೀ. ವೇಗದ ಚೆಂಡು ಅರ್ಧ ಸೆಕೆಂಡಿಗೂ ಮೊದಲೇ ಬ್ಯಾಟರ್‌ನ ಮುಂದಿರುತ್ತದೆ. ಆದ್ದರಿಂದ ಬ್ಯಾಟ್ ಬೀಸುವುದಕ್ಕಿಂತ ಹೆಚ್ಚಾಗಿ ಕಣ್ಣಿಗೆ ತರಬೇತಿ ಬೇಕು: ಪಿಚರ್‌ನ ಮಣಿಕಟ್ಟು ನೋಡಿ ಎಸೆತವನ್ನು ಊಹಿಸಬೇಕು. ಉಳಿದಂತೆ, ರಬ್ಬರ್ ಕಂಬದ ಮೇಲೆ ಚೆಂಡಿಟ್ಟು ನೂರಾರು ಸಲ ಹೊಡೆಸುತ್ತಾರೆ. ಆಗ ಒಳ್ಳೆಯ ತರಬೇತುದಾರರ ದೃಷ್ಟಿ ಚೆಂಡಿನ ಹಿಂದೆ ಹೋಗುವುದಿಲ್ಲ, ಆಟಗಾರ್ತಿಯ ಸೊಂಟ ಮತ್ತು ಮುಂಗಾಲಿನ ಮೇಲೆ ನೆಟ್ಟಿರುತ್ತದೆ.

ಈ ವೃತ್ತಿಗೆ ಬರುವವರಲ್ಲಿ ಹೆಚ್ಚಿನವರು ಸ್ವತಃ ಆಡಿದವರು. ಸಣ್ಣ ಕಾಲೇಜಿನಲ್ಲಿ ಸಹಾಯಕರಾಗಿ ಆರಂಭಿಸಿ, ಒಂದೊಂದೇ ಮೆಟ್ಟಿಲು ಏರುತ್ತಾರೆ. ಮೊದಲ ದರ್ಜೆಯ ಕಾಲೇಜುಗಳಲ್ಲೂ ಸಂಬಳವಿಲ್ಲದ 'ಸ್ವಯಂಸೇವಕ ತರಬೇತುದಾರ' ಎಂಬ ಹುದ್ದೆಯೊಂದಿತ್ತು. 2023ರ ಜುಲೈನಲ್ಲಿ ಅದನ್ನು ತೆಗೆದುಹಾಕಿ, ಸಂಬಳ ಪಡೆಯಬಹುದಾದ ಮೂರನೆಯ ಸಹಾಯಕರಿಗೆ ಅವಕಾಶ ಕೊಟ್ಟರು. ಎಷ್ಟೋ ವರ್ಷ ಮೊದಲೇ ಆಗಬೇಕಿದ್ದ ನ್ಯಾಯ ಅದು.

ಒಳ್ಳೆಯ ಉದಾಹರಣೆ ಒಕ್ಲಹೋಮ ವಿಶ್ವವಿದ್ಯಾಲಯದ ಜೆ.ಟಿ. ಗ್ಯಾಸೊ. ಮುಖ್ಯ ತರಬೇತುದಾರರು ಅವರ ತಾಯಿ ಪ್ಯಾಟಿ ಗ್ಯಾಸೊ. ತಾಯಿಯ ತಂಡ ಎಂದು ಹಗುರವಾಗಿ ಮಾತನಾಡುವವರು 2021ರ ಅಂಕಿಅಂಶ ನೋಡಬೇಕು: ಅವರ ಬ್ಯಾಟರ್‌ಗಳು ಒಂದೇ ಋತುವಿನಲ್ಲಿ 161 ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್‌ನಂತೆ ಮೈದಾನದಾಚೆ ಹೋಗುವ ಹೊಡೆತ) ಹೊಡೆದು, ಹವಾಯಿ ತಂಡದ 158ರ ದಾಖಲೆ ಮುರಿದರು. ಆ ವರ್ಷದಿಂದ 2024ರವರೆಗೆ ಸತತ ನಾಲ್ಕು ರಾಷ್ಟ್ರೀಯ ಪ್ರಶಸ್ತಿಗಳೂ ಅದೇ ತಂಡದ ಪಾಲಾದವು.

ಋತು ಮುಗಿದರೂ ಬಿಡುವಿಲ್ಲ. ಪ್ರೌಢಶಾಲಾ ಆಟಗಾರ್ತಿಯರನ್ನು ಹುಡುಕುತ್ತಾ ಊರೂರು ಸುತ್ತುವುದು ಆಗಲೇ.